ಕ್ವಾರ್ಟರ್ಸಿನವರ ಕಾಮೆಂಟುಗಳು

೬ ಜುಲೈ ೨೦೨೪, ಶನಿವಾರ

ಬೆಳಿಗ್ಗೆ ಹತ್ತು ಗಂಟೆಗೆ ಮಗಳು ಪಿಂಕಿಯ ಹಾಡು ಯೂಟ್ಯೂಬಿಗೆ ಬಂತು. ಮನೆಯಲ್ಲಿ, ಕ್ವಾರ್ಟರ್ಸಿನವರ ಬಾಯಲ್ಲಿ ಮಾತ್ರ ಅವಳು ಪಿಂಕಿ. ಹಾಡಿನ ಕೆಳಗೆ ‘ನಿರೀಕ್ಷಾ ಸಿದ್ದರಾಮಪ್ಪ’ ಎಂದು ಹಾಕಿಕೊಂಡಿದ್ದಾಳೆ. ಮೂವತ್ತನಾಲ್ಕು ವರ್ಷ ಫ್ಯಾಕ್ಟರಿಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ದುಡಿದರೂ ಗೇಟಿನಾಚೆ ಯಾರಿಗೂ ಗೊತ್ತಾಗದ ನನ್ನ ಹೆಸರು ಇವತ್ತು ಜಗತ್ತಿಗೆ ಕಾಣುವಂತಾಯಿತು.

ಟಿವಿಗೆ ಜೋಡಿಸಿ ಮೂವರೂ ಕೂತು ಕೇಳಿದೆವು. ಮಾತು, ಧಾಟಿ ಎಲ್ಲ ಅವಳದೇ. ನಾವು ಇಪ್ಪತ್ತೆರಡು ವರ್ಷ ಇದ್ದ ಫ್ಯಾಕ್ಟರಿ ಕ್ವಾರ್ಟರ್ಸಿನ ಮೇಲೆ ಕಟ್ಟಿದ ಹಾಡು. ಹೆಂಡತಿ ಬಸಲಿಂಗಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಕೆಳಗೆ ಎಷ್ಟು ಜನ ಕೇಳಿದರೆಂಬ ಅಂಕಿ ನೋಡುತ್ತಿದ್ದೆ. ಹಾಡು ಮುಗಿಯುವಷ್ಟರಲ್ಲಿ ಒಂಬತ್ತು. ಅದರಲ್ಲಿ ಮೂರು ನಮ್ಮ ಮನೆಯವೇ.

ಶಂಶಾಬಾದಿನ ಏರ್‌ಪೋರ್ಟ್ ಕೌಂಟರಿನಲ್ಲಿ ನಿಂತು ದುಡಿದದ್ದನ್ನೆಲ್ಲ ಸ್ಟುಡಿಯೋಗೆ ಸುರಿದಿದ್ದಾಳೆ. ಡ್ಯೂಟಿಗೆ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದಳು: “ಅಪ್ಪಾ, ಇದು ಕಡೀದು. ಇದನ್ನೂ ಯಾರೂ ಕೇಳಲಿಲ್ಲಂದ್ರ ನಾ ಹಾಡೂದು ಬಿಟ್ಟೆ. ಖರೇನ ಬಿಟ್ಟೆ.” ನಗುತ್ತಲೇ ಹೇಳಿದಳು, ಆದರೆ ತಮಾಷೆಗೆ ಹೇಳಿದ್ದಲ್ಲ.

೯ ಜುಲೈ, ಮಂಗಳವಾರ

ನೂರಾ ನಲವತ್ತಮೂರು. ಮಗಳು ಮುಖ ಸಣ್ಣ ಮಾಡಿಕೊಂಡು ಓಡಾಡುತ್ತಿದ್ದಾಳೆ.

ನನ್ನ ಕೈಲಾದ ಸೇವೆ ಮಾಡುತ್ತಿದ್ದೇನೆ. ನನ್ನ ಫೋನು, ಬಸಲಿಂಗಮ್ಮನ ಫೋನು, ಕಪಾಟಿನಲ್ಲಿದ್ದ ಹಳೆಯ ಫೋನು, ಮೂರರಲ್ಲೂ ಹಾಡು ಹಚ್ಚಿಡುತ್ತೇನೆ. ಶಬ್ದ ಬಂದ್. ಅರ್ಧ ನಿಮಿಷ ಓಡಿದರೆ ಒಂದು ಲೆಕ್ಕವಂತೆ. ನಾನು ನಲವತ್ತು ಸೆಕೆಂಡಿಗೆ ನಿಲ್ಲಿಸಿ ಮತ್ತೆ ಮೊದಲಿನಿಂದ ಹಚ್ಚುತ್ತೇನೆ. ಆದರೆ ಅಂಕಿ ಕದಲುತ್ತಿಲ್ಲ, ಅದಕ್ಕೂ ನನ್ನ ಆಟ ತಿಳಿದಿರಬೇಕು.

೧೨ ಜುಲೈ, ಶುಕ್ರವಾರ

ತಾರ್ನಾಕದ ಚೌರಸ್ತೆಯ ಹತ್ತಿರ ಅಮೋಲನ ಮೊಬೈಲ್ ಅಂಗಡಿ ಇದೆ. ನಲವತ್ತು ದಾಟಿದ ಮನುಷ್ಯ. ತಾಯಿ ಬಸವಕಲ್ಯಾಣದವಳಾದ್ದರಿಂದ ನನ್ನೊಡನೆ ಕನ್ನಡ ಮಾತಾಡುತ್ತಾನೆ. ಹಳೆಯ ಫೋನಿನ ಬ್ಯಾಟರಿ ಹಾಕಿಸುವ ನೆಪದಲ್ಲಿ ಹೋಗಿ, ಸುತ್ತಿ ಬಳಸಿ ವಿಷಯ ತೆಗೆದೆ. ಅವನು ನನ್ನನ್ನು ಪೂರ್ತಿ ಮಾತಾಡಲೂ ಬಿಡಲಿಲ್ಲ.

“ಸರ್, ಟೆನ್ಶನ್ ನಕ್ಕೋ, ಬ್ಯಾಡ್ರಿ. ವ್ಯೂಸ್ ಬೇಕ್ರಿ? ಲೈಕ್ಸ್ ಬೇಕ್ರಿ? ಫಾಲೋವರ್ಸ್ ಬೇಕ್ರಿ? ಎಲ್ಲಾ ಸಿಗ್ತಾವ. ಎಲೆಕ್ಷನ್‌ದಾಗ ದೊಡ್ಡ ದೊಡ್ಡವ್ರು ತಗೋತಾರ.”

“ಯಾರ್ ಕೇಳ್ತಾರಪಾ ಅವನ್ನ? ಖರೇ ಮಂದಿನೇನು?”

“ಮಂದಿ ಕಟಗೊಂಡು ಏನ್ ಮಾಡ್ತೀರಿ ಸರ್? ನಂಬರ್ ಏರಿದ್ರ ಮಂದಿ ತಾವs ಬರ್ತಾರ. ತುಂಬಿದ ಹೋಟೆಲ್‌ಗೆ ಹೋಗ್ತೀರೋ, ಖಾಲಿ ಇದ್ದಲ್ಲಿ ಹೋಗ್ತೀರೋ?”

ಈ ಮಾತು ನನಗೆ ಹಿಡಿಸಿತು. ಒಪ್ಪಿ, ದುಡ್ಡು ಕೊಟ್ಟು ಬಂದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ.

೧೩ ಜುಲೈ, ಶನಿವಾರ

ಬೆಳಿಗ್ಗೆಯಿಂದ ಮನಸ್ಸು ಕೊಂಚ ಚುಚ್ಚಿತು. ಆಮೇಲೆ ‘ಒನ್ಸ್‌ಮೋರ್ ಡ್ಯೂಟಿ’ ನೆನಪಾಗಿ ಸಮಾಧಾನವಾಯಿತು.

ಕ್ವಾರ್ಟರ್ಸಿನ ಕನ್ನಡ ಸಂಘಕ್ಕೆ ನಾನೇ ಹದಿನಾಲ್ಕು ವರ್ಷ ಕಾರ್ಯದರ್ಶಿ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ನಮ್ಮವರೇ ಹಾಡುವವರು, ನಮ್ಮವರೇ ಕೇಳುವವರು. ತೆಲುಗಿನವರೂ ತಮಿಳಿನವರೂ ಬಾಗಿಲಲ್ಲಿ ನಿಂತು ನೋಡುವರು. ಅವರೆದುರು ನಮ್ಮ ಮಾನ ಹೋಗಬಾರದಲ್ಲ! ಅದಕ್ಕೆ ನಾನು ಶಿಫ್ಟಿನ ಪಟ್ಟಿಯ ಹಾಗೆಯೇ ಒಂದು ಪಟ್ಟಿ ಹಾಕುತ್ತಿದ್ದೆ. ಹನುಮಂತರಾಯ ಹಾಡಿದರೆ ‘ಒನ್ಸ್‌ಮೋರ್’ ಕೂಗುವುದು ಮೆಷಿನ್ ಶಾಪಿನವರ ಪಾಳಿ. ಮಕ್ಕಳ ನೃತ್ಯಕ್ಕೆ ಸ್ಟೋರ್ಸಿನವರು. ಕೂಗದೆ ತಪ್ಪಿಸಿಕೊಂಡವನಿಗೆ ಮಿರ್ಚಿ ಭಜಿ ಇಲ್ಲ. ಒಂದು ವರ್ಷ ಗೆಳೆಯ ಕಲ್ಯಾಣಪ್ಪ ನಿದ್ದೆಯಿಂದ ಎದ್ದು, ಅಧ್ಯಕ್ಷರ ಭಾಷಣಕ್ಕೆ ‘ಒನ್ಸ್‌ಮೋರ್’ ಕೂಗಿಬಿಟ್ಟ. ಅಧ್ಯಕ್ಷರು ನಿಜಕ್ಕೂ ಮತ್ತೊಮ್ಮೆ ಶುರು ಮಾಡಿದರು.

ಆಗ ಮಾಡಿದ್ದು ತಪ್ಪಲ್ಲವಾದರೆ ಈಗ ಮಾಡಿದ್ದೂ ತಪ್ಪಲ್ಲ.

೧೮ ಜುಲೈ, ಗುರುವಾರ

ಇಪ್ಪತ್ತೆರಡು ಸಾವಿರ! ಪಿಂಕಿ ಡ್ಯೂಟಿಯಿಂದ ಫೋನ್ ಮಾಡಿ ಕಿರುಚಿದಳು. ಹಿಂದೆ ವಿಮಾನದ ಅನೌನ್ಸ್‌ಮೆಂಟು ಕೇಳುತ್ತಿತ್ತು. ಅವಳು ಹಾಗೆ ಕಿರುಚಿ ಎಷ್ಟು ವರ್ಷವಾಗಿತ್ತೋ.

ಸಂಜೆ ಮಾತ್ರ ಕಾಮೆಂಟು ತೋರಿಸಿ ಪೆಚ್ಚಾಗಿ ನಕ್ಕಳು. ‘ನೈಸ್ ಬ್ರೋ’, ‘ಸೂಪರ್ ಸರ್’. ಒಬ್ಬ ಯಾವುದೋ ದೇಶದವನು ಬೆಂಕಿಯ ಚಿತ್ರ ಹಾಕಿದ್ದಾನೆ. “ಅಪ್ಪಾ, ಇಪ್ಪತ್ತೆರಡು ಸಾವಿರದಾಗ ಒಬ್ಬರಿಗರ ನಾ ಹೆಣ್ಣಮಗಳು ಅಂತ ತಿಳೀಲಿಲ್ಲೇನು?”

ಅಮೋಲನ ಹತ್ತಿರ ಜಗಳಕ್ಕೆ ಹೋದೆ. “ಕಾಮೆಂಟ್ ನೀವs ಬರ್ದು ಕೊಡ್ರಿ ಸರ್, ಇಲ್ಲಿ ಮಂದಿ ಅಕೌಂಟಿನಿಂದ ಹಾಕಸ್ತೀನಿ. ನಿಮಗ ಹೆಂಗ ಬೇಕೋ ಹಂಗ” ಎಂದ. ಐವತ್ತು ಬರೆದುಕೊಡಬೇಕಂತೆ.

೨೧ ಜುಲೈ, ರವಿವಾರ

ಇವತ್ತು ಇಡೀ ದಿನ ಬರೆದೆ. ಮಧ್ಯಾಹ್ನದ ನಿದ್ದೆಯೂ ಬೇಡವಾಯಿತು.

ಮೊದಲು ಐದಾರು ‘ಚೆನ್ನಾಗಿದೆ’, ‘ಇಂಪಾಗಿದೆ’ ಎಂದು ಬರೆದೆ. ಓದಿದರೆ ಎಲ್ಲ ಒಬ್ಬನೇ ಬರೆದಂತೆ ಕಂಡಿತು. ಇನ್‌ಸ್ಪೆಕ್ಷನ್‌ನವನ ಕಣ್ಣಿಗೇ ಮಣ್ಣೆರಚುವುದು ಸುಲಭವಲ್ಲ. ಐವತ್ತು ಜನ ಬೇರೆ ಬೇರೆಯಾಗಿ ಮಾತಾಡಬೇಕು. ಐವತ್ತು ಜನರನ್ನು ಎಲ್ಲಿಂದ ತರಲಿ? ಆಗ ಕಲ್ಯಾಣಪ್ಪ ಇದ್ದಿದ್ದರೆ ಏನು ಹೇಳುತ್ತಿದ್ದ ಎಂದು ಯೋಚಿಸಿದೆ. ಯೋಚಿಸುವುದೇನು, ಅವನ ದನಿಯೇ ಕಿವಿಗೆ ಬಂತು.

‘ಏ ಹುಡುಗಿ, ಎಂಥಾ ಹಾಡ ಹಾಡಿದೀಬೇ! ನಮ್ಮ ಬಿ ಬ್ಲಾಕಿನ ಬೇವಿನ ಗಿಡಾ ಕಣ್ಣಾಗ ಬಂದು ನಿಂತೂ. ನಿಮ್ಮಪ್ಪಗ ಹೇಳು, ನನ್ನ ಛತ್ರಿ ಇನ್ನೂ ಕೊಟ್ಟಿಲ್ಲ ಅಂವಾ.’

ಬರೆದು ನಾನೇ ನಕ್ಕೆ. ಛತ್ರಿ ನಿಜಕ್ಕೂ ನನ್ನ ಹತ್ತಿರವೇ ಉಳಿಯಿತು. ಕೊರೋನಾ ಎರಡನೇ ಸಲ ಬಂದಾಗ ಕಲ್ಯಾಣಪ್ಪ ಹೋಗಿಬಿಟ್ಟ. ನೋಡಲೂ ಬಿಡಲಿಲ್ಲ.

ಆಮೇಲೆ ಹನುಮಂತರಾಯ. ಹಾರ್ಮೋನಿಯಂ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದವನು, ಈಗ ಎಲ್ಲಿದ್ದಾನೋ. ಹೊಗಳಿದರೂ ಬೈದಂತೆ ಕೇಳುತ್ತಿತ್ತು. ‘ಶ್ರುತಿ ಬಿಟ್ಟಿಲ್ಲ. ಇಷ್ಟು ಸಾಕು, ಭಾಳ ಹೊಗಳಬಾರದು.’ ನಂತರ ಮಲ್ಲಣ್ಣ. ರಜೆಗೆ ಊರಿಗೆ ಹೋಗುವಾಗ ಕಾಚಿಗೂಡ ಸ್ಟೇಷನ್ನಿನಲ್ಲಿ ನಮ್ಮೆಲ್ಲರ ಟ್ರಂಕುಗಳನ್ನೂ ಕಿಟಕಿಯಿಂದ ಒಳಗೆ ತೂರಿಸಿ, ಟವೆಲ್ ಹಾಸಿ ಸೀಟು ಹಿಡಿಯುತ್ತಿದ್ದ ಗಟ್ಟಿಗ. ನಿವೃತ್ತಿಯಾದ ಮೇಲೆ ಎಲ್ಲಿ ಹೋದನೋ, ನಂಬರು ಬದಲಾಗಿದೆ. ‘ಪಿಂಕಿ, ನೀ ಸಣ್ಣಾಕಿದ್ದಾಗ ನನ್ನ ಹೆಗಲ ಮ್ಯಾಲೆ ಕುಂತು ಹಾಡ್ತಿದ್ದಿ, ಈಗ ಎಷ್ಟು ದೊಡ್ಡಾಕಿ ಆದಿ ಯವ್ವಾ.’ ಅವರ ಹೆಂಡಂದಿರು, ಕ್ಯಾಂಟೀನಿನವರು, ನೀರು ಬಿಡುವವನು, ಒಬ್ಬೊಬ್ಬರಾಗಿ ಬಂದು ಸಾಲಿನಲ್ಲಿ ನಿಂತರು. ಸಂಜೆ ಆರಕ್ಕೆ ಎಣಿಸಿದರೆ ಅರವತ್ತೊಂದು ಆಗಿತ್ತು.

ಅಂಕಿ ಎಷ್ಟಾಯಿತು ನೋಡುವುದು ಮರೆತೆ.

೨೯ ಜುಲೈ, ಸೋಮವಾರ

ಪಿಂಕಿಗೆ ವಾರದ ರಜೆ. ಅಡುಗೆಮನೆಯ ಕಟ್ಟೆಗೆ ಒರಗಿ, ಅಮೋಲ ಹಾಕಿಸಿದ ಕಾಮೆಂಟುಗಳನ್ನು ಗಟ್ಟಿಯಾಗಿ ಓದಿದಳು. ಖಾತೆಯ ಹೆಸರುಗಳು ಸೋನು, ರಾಹುಲ್, ಕಿಂಗ್ ಎಂದೆಲ್ಲ ಇವೆ. ಅವಳಿಗೆ ಅದರ ಪರಿವೆಯೇ ಇಲ್ಲ.

“ಅವ್ವಾ, ಕೇಳು ಇಲ್ಲೆ! ಬಿ ಬ್ಲಾಕಿನ ಬೇವಿನ ಗಿಡಾ ಅಂತ! ಥೇಟ್ ಕಲ್ಯಾಣಪ್ಪ ಕಾಕಾ ಮಾತಾಡಿದಂಗ ಐತಿ. ಅವರ ತಮ್ಮ ಇರಬೇಕು, ಮಕ್ಕಳ ಫೋನಿನ್ಯಾಗಿಂದ ಬರದಾರ. ಇಲ್ಲಿ ನೋಡು, ಪಿಂಕಿ ಅಂದಾರ. ನಮ್ಮ ಕ್ವಾರ್ಟರ್ಸಿನವರಿಗೆಲ್ಲಾ ಮುಟ್ಟೇತಿ ಅಪ್ಪಾ ನನ್ನ ಹಾಡು!”

ಒಂದೊಂದಕ್ಕೂ ಉತ್ತರ ಬರೆದಳು. ‘ಕಾಕಾ, ಅಪ್ಪಗ ಛತ್ರಿ ನೆನಪು ಮಾಡ್ತೀನಿ.’ ಬಸಲಿಂಗಮ್ಮ ರೊಟ್ಟಿ ಬಡಿಯುವುದು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಪೇಪರು ಹಿಡಿದುಕೊಂಡೆ. ಕ್ವಾರ್ಟರ್ಸಿನ ಮನೆಗಳನ್ನೆಲ್ಲ ಕೆಡವಿದ ಮೇಲೆ ಎಲ್ಲಿಯೂ ಕೂಡಿರದ ನಮ್ಮ ಜನ, ಇವತ್ತು ನನ್ನ ಅಡುಗೆಮನೆಯಲ್ಲಿ ಕೂಡಿದರು. ಸಂತೋಷವಾಯಿತು. ಸುಳ್ಳು ಹೇಳಲಾರೆ, ಬಹಳ ಸಂತೋಷವಾಯಿತು.

೭ ಆಗಸ್ಟ್, ಬುಧವಾರ

ಮತ್ತೆ ಇಪ್ಪತ್ತು ಬರೆದೆ. ಅಮೋಲ ಕೇಳಿರಲಿಲ್ಲ, ಆದರೂ ಅವನಿಗೆ ಕಳಿಸಿಕೊಟ್ಟೆ. ದೀಪಾವಳಿಗೆ ಎಲ್ಲರ ಮನೆಯ ಕರಜಿಕಾಯಿ ಬದಲಾಯಿಸಿಕೊಳ್ಳುತ್ತಿದ್ದುದು ನೆನಪಾಗಿ, ಕಲ್ಯಾಣಪ್ಪನ ಹೆಂಡತಿ ಹೇಳಿದಂತೆ ಒಂದು ಕಾಮೆಂಟು ಹಾಕಿದೆ. ಹಾಡಿಗೂ ಕರಜಿಕಾಯಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ.

ನಾನು ಎದ್ದು ಹೋಗಿದ್ದಾಗ ಬಸಲಿಂಗಮ್ಮ ನೋಟ್‌ಬುಕ್ ತೆಗೆದು ಓದಿದ್ದಾಳೆ. ಬಂದರೆ ಕನ್ನಡಕ ಹಾಕಿಕೊಂಡು ಕೂತಿದ್ದಳು.

“ಏನ್ರಿ ಇದು? ಸತ್ತವ್ರ ಬಾಯಿಲೆ ಮಾತಾಡಸಾಕತ್ತೀರೇನು?”

ಎಲ್ಲ ಹೇಳಿದೆ. ಒನ್ಸ್‌ಮೋರ್ ಡ್ಯೂಟಿಯ ವಾದವನ್ನೂ ಹೂಡಿದೆ. ಅವಳು ಕನ್ನಡಕ ತೆಗೆದಳು.

“ಅವ್ರು ಮುಂದ ಕುಂತು ಹಾಡು ಕೇಳಿ ಕೂಗ್ತಿದ್ರು. ಕೂಗಿಸ್ಕೊಳ್ಳೋರಿಗೂ ಗೊತ್ತಿರ್ತಿತ್ತು. ಈ ಕೂಸಿಗೆ ಏನ್ ಗೊತ್ತೈತಿ? ಹೇಳಿಬಿಡ್ರಿ ಆಕಿಗೆ.”

“ಹೇಳಿದ್ರ ಹಾಡೂದ ಬಿಡ್ತಾಳ.”

“ಆಕೀ ಬಿಡೂದು ಹಿಡಿಯೂದು ನೀವ್ಯಾರು ಮಾಡಾಕ?”

ಸಿಟ್ಟು ಬಂತು. ಊಟ ಮಾಡದೆ ಮಲಗಿದೆ. ಕಲ್ಯಾಣಪ್ಪನ ಹೆಂಡತಿಯ ಕರಜಿಕಾಯಿಯಲ್ಲಿ ಏಲಕ್ಕಿ ಹೆಚ್ಚಿರುತ್ತಿತ್ತು ಎಂದು ಇವಳೇ ಆಮೇಲೆ ಕತ್ತಲಲ್ಲಿ ಹೇಳಿದಳು.

೧೬ ಆಗಸ್ಟ್, ಶುಕ್ರವಾರ

ಅಮೋಲನಿಂದ ಇನ್ನೊಂದು ಕಂತು ಕೊಂಡ ಮೇಲೆ ಅಂಕಿ ಲಕ್ಷ ದಾಟಿದೆ. ರಾಯಚೂರಿನ ಒಂದು ಸಂಗೀತ ಬಳಗದವರು ಪಿಂಕಿಗೆ ಫೋನ್ ಮಾಡಿದ್ದಾರೆ. ‘ಲಕ್ಷ ಜನ ಕೇಳಿದ ಹಾಡು, ನೀವು ಬಂದರೆ ಹಾಲ್ ತುಂಬುತ್ತದೆ’ ಎಂದರಂತೆ. ಐನೂರು ಕುರ್ಚಿಯ ಹಾಲ್, ಟಿಕೆಟ್ಟು. ಇಪ್ಪತ್ತನಾಲ್ಕನೇ ತಾರೀಕು ಸಂಜೆ.

ಅವಳು ಇನ್ನೊಂದು ಕಾಗದವನ್ನೂ ತೋರಿಸಿದಳು. ನೌಕರಿಗೆ ರಾಜೀನಾಮೆ. ಟೈಪು ಮಾಡಿ ಸಹಿ ಹಾಕಿ ಪರ್ಸಿನಲ್ಲಿಟ್ಟುಕೊಂಡಿದ್ದಾಳೆ. “ಪ್ರೋಗ್ರಾಮ್ ಮುಗಿಸಿ ಬಂದು ಸೋಮವಾರ ಕೊಡ್ತೀನಿ. ಅಷ್ಟು ಮಂದಿ ನನ್ನವರು ಅದಾರ ಅಂದಮ್ಯಾಲೆ ಇನ್ನ ಯಾಕ ಅಂಜಲಿ?”

ಬಾಯಿ ತೆರೆಯಬೇಕೆಂದು ಮೂರು ಸಲ ಪಿಂಕಿಯ ಕೋಣೆಯ ತನಕ ಹೋದೆ. ಒಳಗೆ ಅವಳು ಹಾಡಿನ ಅಭ್ಯಾಸ ಮಾಡುತ್ತಿದ್ದಳು. ನೀರು ಬೇಕೇ ಎಂದು ಕೇಳಿ ವಾಪಸು ಬಂದೆ.

೨೪ ಆಗಸ್ಟ್, ಶನಿವಾರ

ಹೇಳಿದೆ.

ಕಾಚಿಗೂಡ ಸ್ಟೇಷನ್ನಿಗೆ ಬಿಡಲು ಹೋದೆ. ಗಾಡಿ ಹೊರಡಲು ಇನ್ನೂ ಇಪ್ಪತ್ತೈದು ನಿಮಿಷವಿತ್ತು. ಬೆಂಚಿನ ಮೇಲೆ ಕೂತೆವು. ಅವಳು ಹೊಸ ಇಳಕಲ್ ಸೀರೆಯ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಇದೇ ಪ್ಲಾಟ್‌ಫಾರ್ಮಿನಲ್ಲಿ ನಾವೆಲ್ಲ ಎಷ್ಟು ಸಲ ಟ್ರಂಕುಗಳ ಮೇಲೆ ಕೂತು ಗಾಡಿ ಕಾದಿದ್ದೇವೆ. ಹಳೆಯ ದಿನಗಳ ಮಾತು ತೆಗೆದು ಕಾಲ ಕಳೆಯಬಹುದಿತ್ತು. ತೆಗೆದೆ ಕೂಡ. ಅವಳೇ ಮಧ್ಯೆ, “ಇವತ್ತು ಮಲ್ಲಣ್ಣ ಕಾಕಾನೂ ಬರಬಹುದು ಅಪ್ಪಾ, ಅವರ ಊರು ಆ ಕಡೇನ ಅಲ್ಲೇನು?” ಎಂದಳು. ಆಮೇಲೆ ಮುಚ್ಚಿಡುವುದು ನನ್ನಿಂದ ಆಗಲಿಲ್ಲ.

ಮೊದಲು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಫೋನು ತೆಗೆದು ಒಂದೊಂದೇ ತೋರಿಸಿದಳು.

“ಬೇವಿನ ಗಿಡದ್ದು?”

“ನಾನs ಬರದದ್ದು.”

“ಹೆಗಲ ಮ್ಯಾಲೆ ಕುಂತು ಹಾಡಿದ್ದು?”

“ಅದೂ ನಾನs.”

“ಶ್ರುತಿ ಬಿಟ್ಟಿಲ್ಲ ಅಂದದ್ದು?” ನನ್ನ ಉತ್ತರಕ್ಕೆ ಕಾಯಲಿಲ್ಲ. “ಅದನ್ನ ಓದಿ ನಾ ಡ್ಯೂಟ್ಯಾಗ ಬಾತ್‌ರೂಮಿಗೆ ಹೋಗಿ ಅತ್ತೀನಿ ಅಪ್ಪಾ. ಹನುಮಂತರಾಯ ಕಾಕಾ ಒಪ್ಪಿದ್ರು ಅಂತ.”

ಯಾವುದು ನಿಜದ್ದು ಎಂದು ಕೇಳಿದಳು. ಎಂಬತ್ತಕ್ಕೂ ಮಿಕ್ಕಿದ್ದರಲ್ಲಿ ನಾಲ್ಕು ತೋರಿಸಿದೆ. ಅವಳು ಆ ನಾಲ್ಕನ್ನು ಎರಡೆರಡು ಸಲ ಓದಿದಳು. ಆಮೇಲೆ ಎದ್ದು ನಿಂತು ರಾಯಚೂರಿಗೆ ಫೋನ್ ಹಚ್ಚಿದಳು.

“ಸರ್, ಒಂದ್ ಮಾತು ಹೇಳೂದಿತ್ತು. ಆ ನಂಬರ್ ಖರೇದಲ್ರಿ. ನನ್ನ ಹಾಡು ಕೇಳಿದವ್ರು ಎರಡು ಮೂರು ನೂರು ಮಂದಿ ಇರಬಹುದು, ಅಷ್ಟs… ಇಲ್ರಿ, ನನಗೂ ಈಗs ಗೊತ್ತಾತು… ನೀವು ಬ್ಯಾಡಂದ್ರ ನಾ ಬರಂಗಿಲ್ರಿ.”

ಅವರು ಬಹಳ ಹೊತ್ತು ಮಾತಾಡಿದರು. ಬೈದರೆಂದು ಅವಳ ಮುಖದಿಂದ ತಿಳಿಯಿತು. ಆ ವ್ಯೂಸನ್ನು ಯಾರು ಕೊಂಡರೆಂದು ಅವಳು ಹೇಳಲಿಲ್ಲ. ಹಾಲ್ ರದ್ದು, ಟಿಕೆಟ್ಟು ತೆಗೆದುಕೊಂಡವರಿಗೆ ವಾಪಸು, ಬೇಕಿದ್ದರೆ ಮಹಡಿಯ ಮೇಲಿನ ತಾಲೀಮು ಕೋಣೆಯಲ್ಲಿ ಹಾಡಿಕೋ ಎಂದರಂತೆ.

ಗಾಡಿಗೆ ಹತ್ತಿದಳು. ನಾನು ಚೀಲ ಎತ್ತಿಕೊಡಲು ಕೈ ಚಾಚಿದರೆ ತಾನೇ ತೆಗೆದುಕೊಂಡಳು. ಕಿಟಕಿಯ ಕಡೆ ಕೂರಲಿಲ್ಲ.

೨೫ ಆಗಸ್ಟ್, ರವಿವಾರ

ಫೋನಿಲ್ಲ. ಬಸಲಿಂಗಮ್ಮನಿಗೆ ಮಾತ್ರ ‘ಮುಟ್ಟಿದೆ, ಗೆಳತಿಯ ಮನೆಯಲ್ಲಿದ್ದೇನೆ’ ಎಂದು ಮೆಸೇಜು.

ನೋಟ್‌ಬುಕ್ ತೆಗೆದೆ. ಹರಿದು ಹಾಕಬೇಕೆಂದುಕೊಂಡಿದ್ದೆ. ಓದುತ್ತ ಕೂತುಬಿಟ್ಟೆ. ನನ್ನ ಗೆಳೆಯರು ಎಷ್ಟು ಒಳ್ಳೆಯ ಮಾತಾಡುತ್ತಿದ್ದರು. ಜೊತೆಗಿದ್ದಾಗ ಒಂದನ್ನೂ ಬರೆದಿಟ್ಟುಕೊಳ್ಳಲಿಲ್ಲ.

೨೬ ಆಗಸ್ಟ್, ಸೋಮವಾರ

ಬೆಳಿಗ್ಗೆ ಬಂದಳು. ಸ್ನಾನ ಮಾಡಿ, ಚಹಾ ಹಿಡಿದು ನನ್ನೆದುರು ಕೂತಳು. ಬಸಲಿಂಗಮ್ಮ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ರಾಜೀನಾಮೆಯ ಕಾಗದ ಪರ್ಸಿನಲ್ಲೇ ಇದೆಯಂತೆ, ನಾಳೆ ಡ್ಯೂಟಿಗೆ ಹೋಗುತ್ತಾಳಂತೆ. ಇದನ್ನು ಅವ್ವನಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಹತ್ತೊಂಬತ್ತು ಮಂದಿ ಬಂದಿದ್ರು.”

ನಾನು ತಲೆಯಾಡಿಸಿದೆ.

“ಅದರಾಗ ನೀ ಕಳಿಸಿದವ್ರು ಯಾರೂ ಇರಲಿಲ್ಲಲ್ಲಾ?”

“ಇಲ್ಲ ಯವ್ವಾ.”

“ಎರಡನೇ ಸಾಲಿನ್ಯಾಗ ಒಬ್ಬಾಕಿ ವಯಸ್ಸಾದಾಕಿ ಕುಂತಿದ್ಲು. ಅಳಾಕತ್ತಿದ್ಲು. ಆಕೀನ್ನೂ ಕಳಿಸಿಲ್ಲ?”

“ಇಲ್ಲ. ನಿಮ್ಮವ್ವನ ಆಣಿ.”

ನನ್ನನ್ನೇ ನೋಡಿದಳು. ನನ್ನ ಮಗಳು ನನ್ನ ಮಾತನ್ನು ಹಿಂದುಮುಂದು ತಿರುಗಿಸಿ ನೋಡುತ್ತಿದ್ದಾಳೆ ಎಂಬುದು ನಾನು ತಡೆದುಕೊಳ್ಳಲಾಗದಂಥದ್ದು. ತಡೆದುಕೊಂಡೆ, ನಾನೇ ತಂದುಕೊಂಡದ್ದಲ್ಲವೇ.

“ಕಲ್ಯಾಣಪ್ಪ ಕಾಕಾ ಏನ್ ಅಂತಿದ್ರು ಅಂತ ಬರದಿ. ಮಲ್ಲಣ್ಣ ಕಾಕಾ ಏನ್ ಅಂತಿದ್ರು ಅಂತ ಬರದಿ. ನೀರು ಬಿಡಾಂವ ಏನಂತಿದ್ದ ಅನ್ನೂದೂ ಬರದಿ. ನೀ ಏನಂತಿ ಅಪ್ಪಾ? ನಿನಗ ಹೆಂಗನಸ್ತು ನನ್ನ ಹಾಡು?”

ಇಲ್ಲಿ ಬರೆಯಲೂ ನಾಚಿಕೆಯಾಗುತ್ತದೆ. ಮೂರು ಫೋನಿನಲ್ಲಿ ಅಷ್ಟು ಸಲ ಹಚ್ಚಿದ ಹಾಡನ್ನು ನಾನು ಕೇಳಿಯೇ ಇರಲಿಲ್ಲ. “ಒಂದ್ ಸಲ ಹಾಡು, ಕೇಳ್ತೀನಿ” ಎಂದೆ.

ಹಾಡುವುದಿಲ್ಲ ಎನ್ನುತ್ತಾಳೆಂದುಕೊಂಡೆ. ಲೋಟ ಕೆಳಗಿಟ್ಟು, ಗೋಡೆಯ ಕಡೆ ನೋಡುತ್ತ ಹಾಡಿದಳು. ಮೊದಲ ನುಡಿಯಲ್ಲಿ ಬ್ಲಾಕುಗಳು, ನಲ್ಲಿಯ ಸಾಲು. ಎರಡನೆಯದು ನನ್ನ ಕಿವಿಗೆ ಬಿದ್ದದ್ದು ಇವತ್ತೇ:

ಗೇಟು ತೆರೆದರೆ ಸೈಕಲ್ಲ ಸಾಲು, ಸಾವಿರ ಗಂಟೆಯ ಸದ್ದು,
ಅಪ್ಪನ ಗಂಟೆ ಕಿವಿಗೆ ಬಿದ್ದರೆ ಓಡುವೆ ಬಿದ್ದು ಎದ್ದು.

ಐದು ಗಂಟೆಗೆ ಗೇಟಿನ ಹತ್ತಿರ ಕೆಂಪು ಫ್ರಾಕಿನಲ್ಲಿ ಓಡಿ ಬರುತ್ತಿದ್ದಳು. ಮೊಣಕಾಲು ಯಾವಾಗಲೂ ತರಚಿರುತ್ತಿತ್ತು. ನನ್ನ ಸೈಕಲ್ ಕಂಡು ಓಡಿ ಬರುತ್ತಾಳೆಂದು ತಿಳಿದಿದ್ದೆ. ಗಂಟೆ ಗುರುತಿಸುತ್ತಿದ್ದಳೆಂದು ಗೊತ್ತಿರಲಿಲ್ಲ. ನನಗೆ ಅಳು ಬಂತು.

ಹಾಡು ಮುಗಿಯಿತು. ಬಸಲಿಂಗಮ್ಮ ಕಣ್ಣಲ್ಲೇ ನನಗೆ ಹೇಳುತ್ತಿದ್ದಳು, ಏನಾದರೂ ಒಳ್ಳೆಯದನ್ನು ಆಡಿ ಎಂದು. ‘ಭಾಳ ಛಂದ ಐತಿ’ ಎನ್ನಲು ಬಾಯಿ ತೆರೆದೆ. ಅಂಥವನ್ನು ಎಂಬತ್ತು ಬರೆದಿದ್ದೇನೆ.

“ಎರಡನೇ ನುಡ್ಯಾಗ ನಿನಗ ಉಸಿರು ಸಾಲವಲ್ದು” ಎಂದೆ. “ಸಾವಿರ ಗಂಟೆ ಅನ್ನೂಮುಂದ ಎಲ್ಲಾ ಖರ್ಚು ಮಾಡಿಬಿಡ್ತಿ. ಬಿದ್ದು ಎದ್ದು ಅನ್ನೂದ್ರಾಗ ದನಿ ಸಣ್ಣಾಕ್ಕೈತಿ.”

ಬಸಲಿಂಗಮ್ಮ ಹಣೆ ಚಚ್ಚಿಕೊಂಡಳು. ಪಿಂಕಿ ಕಣ್ಣು ಮುಚ್ಚಿ, ಆ ಎರಡು ಸಾಲನ್ನು ಮತ್ತೆ ಹಾಡಿದಳು.

“ಈಗ?”

“ಇನ್ನೂ ಇಲ್ಲ.”

ಅವಳು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮತ್ತೆ ಉಸಿರೆಳೆದುಕೊಂಡಳು.